ರಕ್ತ ತೆಳ್ಳಗೂ ಇರಬೇಕು, ನಿಲ್ಲಲೂ ಬೇಕು

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಚೆನ್ನಾಗಿದ್ದೇನೆ. ಇಂಥ ಬರಹ ಕೈಗೆ ಸಿಕ್ಕರೆ ಕೊನೆಯ ಪುಟ ಮೊದಲು ನೋಡುವ ಚಾಳಿ ನನ್ನದು. ಬರೆದವಳು ಉಳಿದಳೋ ಇಲ್ಲವೋ ಗೊತ್ತಾಗದೆ ಓದಲು ನನಗೆ ಧೈರ್ಯ ಸಾಲದು. ನಿಮಗೆ ಆ ಕಷ್ಟ ಬೇಡ. ಉಳಿದಿದ್ದೇನೆ, ದಿನಾ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಕಡಕೊಳಕ್ಕೆ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ, ಭಾನುವಾರ ಮಗಳ ಜೊತೆ ಜಗಳವಾಡುವಷ್ಟು ಉಸಿರೂ ಇದೆ.

ನನ್ನ ಎದೆಯೊಳಗೆ ಒಂದು ಲೋಹದ ವಾಲ್ವ್ ಇದೆ. ಚಿಕ್ಕಂದಿನಲ್ಲಿ ಕೀಲುನೋವಿನ ಜೊತೆ ಬಂದ ಜ್ವರ ಯಾರಿಗೂ ಹೇಳದೆ ಕೇಳದೆ ಹಾರ್ಟಿಗೆ ಇಳಿದುಬಿಟ್ಟಿತ್ತಂತೆ. ಮಗಳು ಹುಟ್ಟಿದ ಮೇಲೆ ನೀರಿನ ಬಿಂದಿಗೆ ಎತ್ತಿದರೂ ಏದುಸಿರು ಬರತೊಡಗಿದಾಗ ಅದು ಗೊತ್ತಾಯಿತು. ಕೆಟ್ಟಿದ್ದನ್ನು ತೆಗೆದು ಹೊಸದು ಹಾಕಿದರು. ಸುತ್ತ ಸದ್ದಿಲ್ಲದಿದ್ದರೆ ಟಿಕ್ ಟಿಕ್ ಅಂತ ಪಕ್ಕದವರಿಗೂ ಕೇಳಿಸುತ್ತದೆ.

ಈ ವಾಲ್ವ್‌ಗೆ ರಕ್ತ ಅಂಟಿಕೊಂಡು ಹೆಪ್ಪುಗಟ್ಟಬಾರದು. ಅದಕ್ಕೇ ಇರುವಷ್ಟು ದಿನವೂ ರಕ್ತ ತೆಳ್ಳಗೆ ಮಾಡುವ ಮಾತ್ರೆ, ತಿಂಗಳಿಗೊಮ್ಮೆ ರಕ್ತ ಎಷ್ಟು ತೆಳ್ಳಗಿದೆ ಅಂತ ಪರೀಕ್ಷೆ. ಬೀಳಬೇಡಿ, ಗಾಯ ಮಾಡಿಕೊಳ್ಳಬೇಡಿ, ಸೊಪ್ಪು ಜಾಸ್ತಿ ತಿಂದರೆ ಮಾತ್ರೆಯ ಕೆಲಸ ಕೆಡುತ್ತದೆ, ಒಂದೇ ಅಳತೆಯಲ್ಲಿ ತಿನ್ನಿ, ಇನ್ನೊಂದು ಮಗು ಬೇಡ. ಇಷ್ಟು ಹೇಳಿ ಮನೆಗೆ ಕಳಿಸಿದರು. ಮಗು ಬೇಡ, ಸರಿ. ಆಗದ ಹಾಗೆ ಏನು ಮಾಡಬೇಕು ಅಂತ ಹೇಳಬೇಡವೇ? ಅದನ್ನು ಯಾರೂ ಹೇಳಲಿಲ್ಲ. ನಮ್ಮೆಜಮಾನ್ರು ಮೆಡಿಕಲ್ ಸ್ಟೋರಿನಲ್ಲಿ ತಲೆ ತಗ್ಗಿಸಿ ನಿಂತು ತಾವೇ ಒಂದು ದಾರಿ ನೋಡಿಕೊಂಡರು, ಪಾಪ.

ಗಾಯವಿಲ್ಲದೆಯೂ ಹೆಂಗಸಿಗೆ ತಿಂಗಳು ತಿಂಗಳು ರಕ್ತ ಹೋಗುತ್ತದಲ್ಲ, ತೆಳ್ಳಗಾದ ರಕ್ತ ಆಗ ಏನು ಮಾಡುತ್ತದೆ ಅನ್ನುವುದನ್ನೂ ಯಾರೂ ಹೇಳಲಿಲ್ಲ. ಅದನ್ನು ನಾನು ಅನುಭವಿಸಿ ಕಲಿತೆ. ನಲ್ಲಿ ಬಿಟ್ಟ ಹಾಗೆ. ಮೂರು ದಿನದ್ದು ವಾರವಾಯಿತು, ವಾರದ್ದು ಅದರಾಚೆಗೂ ಹೋಯಿತು. ನನ್ನದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಲೈನಿನ ಮುಂದೆ ನಿಂತು ಮಾಡುವ ಕೆಲಸ. ಯೂನಿಫಾರ್ಮ್ ತಿಳಿ ನೀಲಿ. ಆ ಬಣ್ಣ ಆರಿಸಿದವನು ಗಂಡಸೇ ಇರಬೇಕು, ನನಗೆ ಅನುಮಾನವೇ ಇಲ್ಲ. ಎರಡೆರಡು ಪ್ಯಾಡು, ಮೇಲೊಂದು ಹಳೇ ಬಟ್ಟೆ, ಅದರ ಮೇಲೆ ದೇವರ ಮೇಲಿನ ಭಾರ. ಬಸ್ಸಿನಲ್ಲಿ ಕೂರಲು ಸೀಟಿದ್ದರೂ ನಿಂತೇ ಬರುತ್ತಿದ್ದೆ. ಇಳಿಯುವಾಗ ಹಿಂದಿನಿಂದ ಬರುವ ಗೆಳತಿಗೆ "ನೋಡೇ" ಅಂದರೆ ಸಾಕು, ಅವಳು ನೋಡಿ "ಏನಿಲ್ಲ, ನಡಿ" ಅನ್ನುತ್ತಿದ್ದಳು. ಆ ಎರಡು ಮಾತಿನಲ್ಲಿ ಎಷ್ಟು ದಿನ ಕಳೆದೆನೋ.

ಒಂದು ದಿನ ಲೈನಿನ ಮುಂದೆಯೇ ಕಣ್ಣು ಕತ್ತಲಿಟ್ಟು ಕುಸಿದೆ. ಮೈಯಲ್ಲಿ ರಕ್ತವೇ ಇಲ್ಲ ಅಂದರು. ಯಾರದ್ದೋ ರಕ್ತ ಏರಿಸಿದರು. ಯಾರದ್ದೋ ಏನೋ, ಅವರ ಹೊಟ್ಟೆ ತಣ್ಣಗಿರಲಿ.

ಅಲ್ಲಿಂದ ನಮ್ಮ ಓಡಾಟ ಶುರು. ಹೆಂಗಸರ ಡಾಕ್ಟರ ಹತ್ತಿರ ಹೋದರೆ, "ಮಗು ಇದೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ನೆಮ್ಮದಿ" ಅಂದರು, ಹಳೇ ಪರದೆ ತೆಗೆಸಿಬಿಡಿ ಅನ್ನುವ ಹಾಗೆ. ಹಾರ್ಟಿನ ಡಾಕ್ಟರ ಹತ್ತಿರ ಹೋದರೆ ಅವರು ಮುಖ ಗಂಟಿಕ್ಕಿಕೊಂಡರು. "ಆಪರೇಷನ್ ಅಂದ್ರೆ ರಕ್ತ ತೆಳ್ಳಗಿಡೋ ಮಾತ್ರೆ ನಿಲ್ಲಿಸ್ಬೇಕು. ನಿಲ್ಲಿಸಿದ್ರೆ ವಾಲ್ವ್ ಮೇಲೆ ಹೆಪ್ಪುಗಟ್ಟೋ ಭಯ. ನಿಲ್ಲಿಸ್ದೆ ಕೊಯ್ದ್ರೆ ರಕ್ತ ನಿಲ್ಲೋದಿಲ್ಲ. ಮಾಡೋಕಾಗಲ್ಲ ಅಂತಲ್ಲ, ಆದ್ರೆ ಬೇರೆ ದಾರಿ ಇದ್ರೆ ಒಳ್ಳೇದು. ಅವರನ್ನೇ ಕೇಳಿ."

ಅವರನ್ನು ಕೇಳಿದರೆ ಇವರನ್ನು ಕೇಳಿ ಅನ್ನುತ್ತಿದ್ದರು. ಎರಡು ಆಸ್ಪತ್ರೆಯ ಬೆಂಚುಗಳೂ ನನಗೆ ಪಾಠವಾಗಿಹೋದವು. ಹಾರ್ಟಿನ ಕಡೆ ಬೆಂಚು ತಣ್ಣಗೆ ಸ್ಟೀಲಿನದು, ಅಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ವಯಸ್ಸಾದವರೇ ಹೆಚ್ಚು. "ನಿಮ್ಮ ಪೇಶೆಂಟ್ ಯಾರಮ್ಮ?" ಅಂತ ನನ್ನನ್ನೇ ಕೇಳುತ್ತಿದ್ದರು. ಹೆಂಗಸರ ಕಡೆ ಬಸುರಿಯರ ಗದ್ದಲ. ಅಲ್ಲಿ ಒಬ್ಬಾಕೆ "ನಿಮಗೆ ಎಷ್ಟು ತಿಂಗಳು?" ಅಂದರೆ ಏನು ಹೇಳಲಿ? "ನನಗೆ ತಿಂಗಳು ಪೂರ್ತಿ" ಅಂದೆ ಒಂದು ಸಲ. ಪಾಪ, ಆಕೆ ಗಾಬರಿಯಾದಳು.

ನಮ್ಮೆಜಮಾನ್ರು ಮಹೇಶ ಕಾರು ಮೆಕ್ಯಾನಿಕ್. ಅವರಿಗೆ ಈ ಗರ್ಭಕೋಶ ತೆಗೆಯುವ ಮಾತೇ ಹಿಡಿಸಲಿಲ್ಲ. "ಅಲ್ಲ ಸವಿತಾ, ಗಾಡೀಲಿ ಆಯಿಲ್ ಲೀಕ್ ಆಯ್ತು ಅಂತ ಯಾವನಾದ್ರೂ ಮೊದ್ಲೇ ಇಂಜಿನ್ ಇಳಿಸ್ತಾನಾ? ವಾಷರ್ ನೋಡ್ಬೇಕು ಕಣೇ ಮೊದ್ಲು," ಅಂದರು. ನಗು ಬಂತು. ನಗುತ್ತಾ ನಗುತ್ತಾ ಅಳುವೂ ಬಂತು. ಇನ್ನೊಂದು ಸಲ ಆ ಹಸಿರು ಬಟ್ಟೆ ಹಾಕಿಸಿಕೊಂಡು ಟೇಬಲ್ ಮೇಲೆ ಮಲಗುವುದಕ್ಕೆ ನನಗೆ ಪ್ರಾಣಭಯ. ಮೊದಲ ಸಲ ಮಗಳು ಅಂಬೆಗಾಲಿಡುವ ಕೂಸು, ಅವಳಿಗೆ ತಿಳಿಯುತ್ತಿರಲಿಲ್ಲ. ಈಗ ಅವಳಿಗೆ ಎಲ್ಲ ತಿಳಿಯುತ್ತದೆ.

ಮನೆಯಲ್ಲಿ ಇದನ್ನೆಲ್ಲ ಕೇಳುತ್ತಾ ಕೂತಿದ್ದವರು ನಮ್ಮತ್ತೆ. ಟಿ. ನರಸೀಪುರದ ಕಡೆಯವರು, ಮಾವ ಹೋದ ಮೇಲೆ ನಮ್ಮ ಜೊತೆಯೇ ಇದ್ದಾರೆ. ಮಾತು ಜೋರು, ಕೈ ಅದಕ್ಕಿಂತ ಜೋರು. ನಾನು ಬಿಳಿಚಿಕೊಂಡಿದ್ದನ್ನು ನೋಡಿ ಅವರ ಕರುಳು ಚುರುಕ್ಕೆಂದಿತು. "ಡಾಕ್ಟ್ರುಗಳು ಅಂಗೇ ಆಡ್ಸ್ತಾ ಇರ್ತಾರೆ. ನಾ ರಕ್ತ ತುಂಬುಸ್ತೀನಿ ಸುಮ್ಕಿರು," ಅಂದರು.

ಊರಿನಿಂದ ನುಗ್ಗೆಸೊಪ್ಪು ತರಿಸಿದರು. ಅದನ್ನು ನೆರಳಲ್ಲಿ ಒಣಗಿಸಿ, ಹುರಿದು, ಕುಟ್ಟಿ, ಜರಡಿ ಹಿಡಿದು ಡಬ್ಬಿ ತುಂಬ ಪುಡಿ ಮಾಡಿದರು. ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿ ಒಂದು ಲೋಟ, ಮಧ್ಯಾಹ್ನದ ಬುತ್ತಿಯ ಅನ್ನಕ್ಕೆ ತುಪ್ಪದ ಜೊತೆ ಎರಡು ಚಮಚ, ಸಂಜೆ ರೊಟ್ಟಿ ಹಿಟ್ಟಿಗೆ ಒಂದು ಹಿಡಿ. ನಾನು ತಿಂದೆ. ಸೊಪ್ಪು ಅಳತೆಯಲ್ಲಿರಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಸ್ಸಾರು ಮಾಡಿದ ದಿನ ನನ್ನ ಪಾಲಿನ ಸೊಪ್ಪಿನ ಪಲ್ಯ ಒಂದು ಸೌಟು ಮೀರುತ್ತಿರಲಿಲ್ಲ. ಅತ್ತೆಯೂ ಅಷ್ಟೇ, ದಂಟಿನ ಸೊಪ್ಪು ತಂದರೆ ನನಗೆ ಬೇರೆಯಾಗಿ ಎತ್ತಿಟ್ಟು ಬಡಿಸುವವರು. ಆದರೆ ನಮ್ಮ ಮನೆಗಳಲ್ಲಿ ಸೊಪ್ಪು ಅಂದರೆ ಕಟ್ಟು ಬಿಚ್ಚಿ, ಬಿಡಿಸಿ, ತೊಳೆದು, ಒಲೆಯ ಮೇಲಿಡುವಂಥದ್ದು. ಡಬ್ಬಿಯಲ್ಲಿರುವುದು ಪುಡಿ. ಪುಡಿ ಅಂದರೆ ಔಷಧಿ. ಇಬ್ಬರಿಗೂ ಅದು ಸೊಪ್ಪು ಅಂತ ಹೊಳೆಯಲೇ ಇಲ್ಲ.

ಆಮೇಲಿನ ತಮಾಷೆ ಕೇಳಿ. ಪುಡಿ ಕೆಲಸ ಮಾಡಿತು! ಆ ತಿಂಗಳು ಮುಟ್ಟು ಅರ್ಧಕ್ಕರ್ಧ ಕಡಿಮೆ. ಮುಂದಿನ ಸಲ ಇನ್ನೂ ಕಡಿಮೆ, ಹಳೇ ಕಾಲದ ಹಾಗೆ ಮೂರು ದಿನ, ಮುಗೀತು. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದೆ. ಅತ್ತೆಯ ಮುಖ ನೋಡಬೇಕಿತ್ತು! ಬೀದಿಯಲ್ಲೆಲ್ಲ ಸಮಾಚಾರವಾಯಿತು. "ಆ ಡಾಕ್ಟ್ರು ವಟ್ಟೆ ಕುಯ್ತೀನಿ ಅಂದ್ರು, ನಾ ವಸಿ ಪುಡೀಲಿ ನಿಲ್ಲುಸ್ಬುಟ್ಟೆ." ಎರಡು ಮನೆಗೆ ಪುಡಿ ದಾನವೂ ಆಯಿತು. ಚೆನ್ನಾಗಿದ್ದೇನಲ್ಲ ಅಂತ ಒಂದು ತಿಂಗಳು ರಕ್ತಪರೀಕ್ಷೆಗೂ ಹೋಗಲಿಲ್ಲ.

ಮರುತಿಂಗಳು ಹೋದೆ. ಲ್ಯಾಬಿನವರು ಇನ್ನೊಂದು ಸಲ ರಕ್ತ ಕೊಡಿ ಅಂದರು. ಕೊಟ್ಟೆ. ನೋಡಿದರೆ ಹಾರ್ಟಿನ ಡಾಕ್ಟರು ಸರದಿ ಬಿಟ್ಟು ಒಳಗೆ ಕರೆಸಿದರು. 

"ಮಾತ್ರೆ ಬಿಟ್ರಾ?"

"ಇಲ್ಲ ಸಾರ್, ದಿನಾ ನುಂಗ್ತೀನಿ."

"ಹಾಗಾದ್ರೆ ಏನು ತಿಂತಿದೀರಿ? ಮಾತ್ರೆ ನುಂಗೇ ಇಲ್ವೇನೋ ಅನ್ನೋ ಹಾಗಿದೆ ನಿಮ್ಮ ರಕ್ತ. ಗಟ್ಟಿಯಾಗಿದೆ."

ಜೊತೆಗೆ ಬಂದಿದ್ದ ಅತ್ತೆ ಹೆಮ್ಮೆಯಿಂದ ಮುಂದೆ ಬಂದು, "ನಾನೇ ಗಟ್ಟಿ ಮಾಡಿದ್ದು ಸೋಮಿ. ನುಗ್ಗೆಸೊಪ್ಪಿನ ಪುಡಿ," ಅಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮ, ಸೊಪ್ಪು ಅಳತೇಲಿ ಅಂತ ಎಷ್ಟು ಸಲ ಹೇಳಿದೀನಿ?"

"ನಾ ಸೊಪ್ಪ ಕೊಟ್ನಾ? ಪುಡಿ ಕೊಟ್ಟೆ ಕಣಪ್ಪ!"

ಈಗ ನೆನೆಸಿಕೊಂಡರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಅವತ್ತು ಯಾರೂ ನಗಲಿಲ್ಲ. ಮುಟ್ಟು ಕಡಿಮೆಯಾಗಿದ್ದು ನನ್ನ ಕಾಯಿಲೆ ವಾಸಿಯಾಗಿದ್ದಕ್ಕಲ್ಲ, ಮಾತ್ರೆ ಸೋತಿದ್ದಕ್ಕೆ. ಇನ್ನು ಕೆಲವು ದಿನ ಹಾಗೇ ಬಿಟ್ಟಿದ್ದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದಿತ್ತು, ಇಲ್ಲವೇ ಅದರ ಚೂರು ಮೆದುಳಿಗೆ ಹೋಗಬಹುದಿತ್ತು. ಆಗಲೇ ಆಗಿಹೋಗಿದೆಯೋ ಏನೋ ಅಂತ ಸ್ಕ್ಯಾನ್ ಮಾಡಲು ಕರೆದುಕೊಂಡು ಹೋದರು. ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಡಾಕ್ಟರು ಸ್ಕ್ರೀನ್ ನೋಡುತ್ತಾ ಕೂತರು. ನಾನು ಅವರ ಹುಬ್ಬನ್ನೇ ನೋಡುತ್ತಾ ಮಲಗಿದ್ದೆ. ಕೊನೆಗೆ "ವಾಲ್ವ್ ಚೆನ್ನಾಗೇ ಆಡ್ತಾ ಇದೆ ಕಣಮ್ಮ," ಅಂದರು. ಆ "ಕಣಮ್ಮ" ಅನ್ನುವ ಮಾತಿಗೇ ನಾನು ಅತ್ತುಬಿಟ್ಟೆ.

ರಕ್ತ ಮತ್ತೆ ತೆಳ್ಳಗಾಗುವ ತನಕ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಹೊಟ್ಟೆಗೆ ಸೂಜಿ ಚುಚ್ಚಿದರು. ಅತ್ತೆ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಜೋರು ಮಾತಿನ ಹೆಂಗಸು ಬಾಯಿ ಬಿಡಲಿಲ್ಲ. ನನಗೆ ಅದೇ ಹೆಚ್ಚು ಸಂಕಟ. "ಅತ್ತೆ, ನೀವೊಬ್ರೇ ಅಲ್ಲ, ನಾನೂ ತಿಂದಿದ್ದಲ್ವಾ?" ಅಂದೆ. "ನಾ ಕೈಯಾರೆ ಕುಟ್ಟಿ ಕುಟ್ಟಿ ಕೊಟ್ನಲ್ಲ ಮಗ," ಅಂದರು, ಅಷ್ಟೇ. ಪುಡಿ ದಾನ ಪಡೆದ ಮನೆಗಳಿಗೆ ಮಹೇಶ ಹೋಗಿ, ಅಲ್ಲಿ ಯಾರೂ ಇಂಥ ಮಾತ್ರೆ ನುಂಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಬಂದರು. ನುಗ್ಗೆಸೊಪ್ಪಿನ ಮೇಲೆ ನನ್ನದೇನೂ ದೂರಿಲ್ಲ. ಬೇರೆಯವರಿಗೆ ಅದು ಒಳ್ಳೆಯದೇ. ನನ್ನ ರಕ್ತದ ಲೆಕ್ಕಾಚಾರ ಬೇರೆ.

ರಕ್ತ ತೆಳ್ಳಗಾಯಿತು. ಆಗುತ್ತಲೇ ನಲ್ಲಿ ಮತ್ತೆ ಬಿಟ್ಟುಕೊಂಡಿತು. ಇದು ಯಾವ ನ್ಯಾಯ ಹೇಳಿ? ಎದೆ ಉಳಿಯಬೇಕಾದರೆ ರಕ್ತ ಹರಿಯಬೇಕು, ಮೈ ಉಳಿಯಬೇಕಾದರೆ ರಕ್ತ ನಿಲ್ಲಬೇಕು. ಎರಡರ ನಡುವೆ ನಾನು.

ಆಗ ಹಾರ್ಟಿನ ಡಾಕ್ಟರೇ, ಹೊಸದಾಗಿ ಬಂದಿರುವ ಒಬ್ಬ ಹೆಂಗಸರ ಡಾಕ್ಟರ ಹೆಸರು ಹೇಳಿ ಕಳಿಸಿದರು. ವಿಜಯನಗರದ ಕಡೆ ಒಂದು ಸಣ್ಣ ಆಸ್ಪತ್ರೆ. ಹೋದೆವು, ನಾನು, ಮಹೇಶ, ಮತ್ತೆ "ನಾನೂ ಬತ್ತೀನಿ" ಅಂತ ಚಪ್ಪಲಿ ಮೆಟ್ಟಿಕೊಂಡು ನಿಂತ ಅತ್ತೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಾನು ಬಾಯಿಪಾಠವಾಗಿದ್ದ ನನ್ನ ಪುರಾಣ ಶುರು ಮಾಡಿದೆ. ಅವರು ಪೂರ್ತಿ ಕೇಳಿದರು. ಕೇಳಿ, "ಅದೆಲ್ಲ ಸರಿ ಸವಿತಾ ಅವರೇ, ನಿಮಗೇನು ಬೇಕು?" ಅಂದರು.

ನನ್ನನ್ನು ಆ ತನಕ ಯಾವ ಡಾಕ್ಟರೂ ಹಾಗೆ ಕೇಳಿರಲಿಲ್ಲ.  ಒಂದೇ ಉಸಿರಿಗೆ, "ಮೇಡಂ, ನನ್ನನ್ನ ಇನ್ನೊಂದ್ಸಲ ಕೊಯ್ಬಾರದು, ರಕ್ತ ನಿಲ್ಬೇಕು, ನನ್ನ ಮಗಳು ದೊಡ್ಡವಳಾಗೋದನ್ನ ನಾನು ನೋಡ್ಬೇಕು," ಅಂದೆ.

"ಆಯ್ತು, ನೋಡೋಣ," ಅಂತ ಅವರು ನನ್ನ ಎದುರಿಗೇ ಫೋನ್ ಎತ್ತಿ ಹಾರ್ಟಿನ ಡಾಕ್ಟರಿಗೆ ಮಾಡಿದರು. ಎಷ್ಟು ಸಣ್ಣ ಕೆಲಸ! ಇಷ್ಟು ಕಾಲ ಈ ಆಸ್ಪತ್ರೆಯಿಂದ ಆ ಆಸ್ಪತ್ರೆಗೆ ಮಾತು ಹೊತ್ತು ಹೊತ್ತು ನನ್ನ ಕಾಲು ಸವೆದಿದ್ದವು. ಅವರಿಬ್ಬರೂ ಮಾತಾಡಿಕೊಂಡರು. ಕೆಲವು ಇಂಗ್ಲಿಷು ತಿಳಿಯಲಿಲ್ಲ. ಆದರೆ ನನ್ನ ಬಗ್ಗೆ ಇಬ್ಬರು ಒಟ್ಟಿಗೆ ಯೋಚನೆ ಮಾಡುತ್ತಿದ್ದಾರೆ ಅನ್ನುವುದೇ ನನಗೆ ಅರ್ಧ ಔಷಧಿಯಾಯಿತು.

ಫೋನ್ ಇಟ್ಟು ಹೇಳಿದರು. ಗರ್ಭಕೋಶದ ಒಳಗೆ ಇಡುವ ಒಂದು ಸಣ್ಣ ಸಾಧನ ಇದೆ. ನೋಡಲು ಕಾಪರ್-ಟಿ ಥರವೇ, ಆದರೆ ಅದಲ್ಲ. ಕಾಪರ್-ಟಿ ಹಾಕಿದರೆ ನನ್ನಂಥವಳಿಗೆ ರಕ್ತ ಇನ್ನೂ ಜಾಸ್ತಿ ಹೋಗುತ್ತದೆ. ಇದರಿಂದ ಸ್ವಲ್ಪ ಸ್ವಲ್ಪವೇ ಹಾರ್ಮೋನು ಹೊರಗೆ ಬರುತ್ತದೆ, ರಕ್ತ ಹೋಗುವುದು ಕಡಿಮೆಯಾಗುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಕೆಲವು ವರ್ಷ ಇರುತ್ತದೆ, ಬೇಡವಾದರೆ ತೆಗೆಯಬಹುದು. ಮಗು ಆಗದಂತೆಯೂ ಅದೇ ನೋಡಿಕೊಳ್ಳುತ್ತದೆ. ಕೊನೆಯ ಮಾತಿಗೆ ಮಹೇಶ ಛಾವಣಿ ನೋಡತೊಡಗಿದರು.

ಅತ್ತೆ ಮಾತ್ರ ಡಾಕ್ಟರಮ್ಮನನ್ನೇ ನೋಡುತ್ತಿದ್ದರು. "ಇದು ಈಗ ಬಂದದ್ದಾ ಡಾಕ್ಟ್ರಮ್ಮ?"

"ಇಲ್ಲ ಅಜ್ಜಿ, ತುಂಬಾ ವರ್ಷದಿಂದ ಇದೆ. ಅದಕ್ಕೂ ಮುಂಚೆ ಮಾತ್ರೆ ಗೀತ್ರೆ ಬೇರೆ ಬೇರೆ ದಾರಿ ಇತ್ತು."

 ಹೊರಗೆ ಬಂದು, ಮಹೇಶ ಔಷಧಿ ತರಲು ಹೋದಾಗ, ಅತ್ತೆ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನಂದು ತೆಗ್ದವ್ರೆ ಕನವ್ವ," ಅಂದರು.

ನನಗೆ ಅರ್ಥವಾಯಿತು, ಆದರೂ "ಏನತ್ತೆ?" ಅಂದೆ.

"ಗರ್ಭಕೋಸ. ನಿನ್ ಗಂಡನ್ನ ಇಸ್ಕೂಲ್‌ಗೆ ಸೇರ್ಸಿದ್ ವರ್ಸ. ನಿನ್ಗಿಂತ ಚಿಕ್ಕೋಳು ನಾನು. ಬಿಳಿಸೆರಗು ಓಯ್ತದೆ, ವಟ್ಟೆ ನೋಯ್ತದೆ ಅಂತ ಆಸ್ಪತ್ರೆಗೆ ಓದೆ. ತೆಗೀಬೇಕು ಅಂದ್ರು. ನಿಮ್ಮಾವ ಹೆಬ್ಬೆಟ್ಟು ಒತ್ತುದ್ರು. ನನ್ನ ಯಾರೂ ಕೇಳ್ನಿಲ್ಲ. ಆಮೇಕೆ ಮೈಯೆಲ್ಲ ಬೆಂಕಿ ಬಿದ್ದಂಗೆ ಉರಿಯೋದು. ಯಾರ್ಗೆ ಹೇಳನೆ?"

ಎಷ್ಟೋ ವರ್ಷದಿಂದ ನಮ್ಮತ್ತೆ ಮಾಗಿಯ ಚಳಿಯಲ್ಲೂ ಜಗಲಿಗೆ ಬಂದು ಕೂತು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು, ನಾನು ಮದುವೆಯಾಗಿ ಬಂದಾಗಲೂ. "ನಿಮ್ಮಮ್ಮನಿಗೆ ಒಳಗೇ ಬೇಸಿಗೆ" ಅಂತ ನಾನೂ ಮಹೇಶನೂ ನಗಾಡುತ್ತಿದ್ದೆವು. ಬೆಂಚಿನ ಮೇಲೆ ಅವರ ಕೈ ಹಿಡಿದುಕೊಂಡೆ. ಒರಟು ಕೈ, ಕುಟ್ಟಿ ಕುಟ್ಟಿ ಗಂಟು ಕಟ್ಟಿದ್ದು. ಇಬ್ಬರೂ ಅತ್ತೆವು. ಎದುರು ಕೂತಿದ್ದ ಬಸುರಿ ಹುಡುಗಿ ನಮಗೇನೋ ಆಗಬಾರದ್ದು ಆಗಿದೆ ಅಂತ ತನ್ನ ನೀರಿನ ಬಾಟಲಿ ಕೊಟ್ಟಳು. ಕುಡಿದೆವು.

ಸಾಧನ ಹಾಕುವ ದಿನ ಬಂತು. ಹಾರ್ಟಿನವಳು ಅಂತ ಎಲ್ಲ ಮೆಷಿನ್ನೂ ಹಚ್ಚಿದ್ದರು, ರಕ್ತ ಎಷ್ಟು ತೆಳ್ಳಗಿದೆ ಅಂತ ಹಿಂದಿನ ದಿನವೇ ನೋಡಿದ್ದರು. ನರ್ಸ್ ಹುಡುಗಿ, "ಮೇಡಂ, ವಾಚ್ ತೆಗೆದು ಹೊರಗೆ ಕೊಡಿ," ಅಂದಳು. ಕೈ ತೋರಿಸಿದೆ. ವಾಚಿಲ್ಲ. "ಮತ್ತೆ ಈ ಟಿಕ್ ಟಿಕ್?" ಅಂದಳು. "ಅದು ತೆಗೆಯೋಕಾಗಲ್ಲ ಸಿಸ್ಟರ್, ಒಳಗಿದೆ," ಅಂದೆ. ಡಾಕ್ಟರಮ್ಮ ನಕ್ಕರು, ನಾನೂ ನಕ್ಕೆ, ಆ ನಗುವಿನಲ್ಲಿ ಅರ್ಧ ಕೆಲಸ ಮುಗಿದಿತ್ತು. ನೋವಾಯಿತು. ಸುಳ್ಳು ಹೇಳುವುದಿಲ್ಲ, ಕಿಬ್ಬೊಟ್ಟೆ ಹಿಂಡಿದ ಹಾಗೆ ಆಯಿತು, ತಲೆ ತಿರುಗಿತು. ಸ್ವಲ್ಪ ಹೊತ್ತಿಗೆ ಕಾಫಿ ಬೇಕು ಅನ್ನಿಸಿತು. ಕಾಫಿ ಬೇಕು ಅನ್ನಿಸಿದರೆ ನಾನು ಸರಿಯಿದ್ದೇನೆ ಅಂತ ಅರ್ಥ.

ಮರುದಿನವೇ ಎಲ್ಲ ನಿಂತುಹೋಯಿತು ಅಂತ ಬರೆದರೆ ಕಥೆಗೆ ಚೆಂದ, ಆದರೆ ಹಾಗಾಗಲಿಲ್ಲ. ಮೊದಲ ಕೆಲವು ತಿಂಗಳು ಹೊತ್ತುಗೊತ್ತಿಲ್ಲದೆ ತೊಟ್ಟು ತೊಟ್ಟು ಕಲೆ. ಹಾಗಾಗುತ್ತದೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು, ಆದರೂ ನನಗೆ ಸಿಟ್ಟು. ಕಿತ್ತುಹಾಕಿಸಿಬಿಡುತ್ತೇನೆ ಅಂತ ಎಷ್ಟು ಸಲ ಹಾರಾಡಿದೆನೋ. "ವಸಿ ತಡಿ. ಡಾಕ್ಟ್ರಮ್ಮ ಹೇಳವ್ರಲ್ಲ," ಅಂತ ತಡೆದವರು ಅತ್ತೆ. ಡಾಕ್ಟರ ಮಾತಿಗೆ ಅತ್ತೆ ಸಾಕ್ಷಿ ಹೇಳುವ ಕಾಲವೂ ಬಂತಲ್ಲ ಅಂತ ಮಹೇಶ ಕಣ್ಣು ಮಿಟುಕಿಸಿದರು.

ಆಮೇಲೆ ನಿಧಾನಕ್ಕೆ ಕಡಿಮೆಯಾಯಿತು. ಈಗ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾರದ ತಿಂಗಳು ಅತ್ತೆಗೆ ಮೊದಮೊದಲು ಚಿಂತೆ. ಕೆಟ್ಟ ರಕ್ತ ಒಳಗೇ ಉಳಿಯಿತೇನೋ ಅಂತ. "ಅಲ್ಲಿ ರಕ್ತ ಸೇರೋದೇ ಇಲ್ಲ ಅಜ್ಜಿ, ಉಳಿಯೋದೆಲ್ಲಿಂದ?" ಅಂತ ಡಾಕ್ಟರಮ್ಮ ಫೋನಿನಲ್ಲಿ ಹೇಳಿದ ಮೇಲೆ ಸಮಾಧಾನವಾಯಿತು. ಮಾತ್ರೆ ನಡೆಯುತ್ತಿದೆ, ತಿಂಗಳ ಪರೀಕ್ಷೆ ನಡೆಯುತ್ತಿದೆ, ರಕ್ತ ತೆಳ್ಳಗೇ ಇದೆ. ಮುಖಕ್ಕೆ ಬಣ್ಣ ಬಂದಿದೆ. ಮೊನ್ನೆ ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ, ಇಳಿಯುವಾಗ ನಂದಿಯ ತನಕ ಮೆಟ್ಟಿಲಲ್ಲೇ ಇಳಿದು ಬಂದೆವು. ಹತ್ತಿಲ್ಲ, ಇಳಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನನಗೆ ಆಗಿಬಂದದ್ದು ಎಲ್ಲರಿಗೂ ಆಗಿಬರುತ್ತದೆ ಅಂತ ನಾನು ಹೇಳುವುದಿಲ್ಲ. ಗರ್ಭಕೋಶ ತೆಗೆಸಲೇಬೇಕಾದವರೂ ಇರುತ್ತಾರೆ, ತೆಗೆಸಿ ನೆಮ್ಮದಿಯಾಗಿರುವವರೂ ಇದ್ದಾರೆ. ಸುಮ್ಮನೆ ನನಗಾದದ್ದನ್ನು ಹೇಳಿದೆ.

ಹೋದ ವಾರ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದೆ. ಅತ್ತೆ ಎದುರು ಮನೆಗೆ ಬಾಡಿಗೆಗೆ ಬಂದಿರುವ ಹುಡುಗಿಯನ್ನು ಕೈ ಹಿಡಿದು ಎಳೆದುಕೊಂಡೇ ಬಂದರು. ಅವಳಿಗೆ ಸಕ್ಕರೆ ಕಾಯಿಲೆ, ಮುಟ್ಟಿನ ತೊಂದರೆ, ಎರಡೂ. ತೆಗೆಸಿಬಿಡಿ ಅಂದಿದ್ದಾರಂತೆ, ನಾಳಿದ್ದು ಹೋಗಬೇಕಂತೆ. ಹುಡುಗಿ ನಾಚಿಕೆಯಿಂದ ಬಾಗಿಲಲ್ಲೇ ನಿಂತಳು. ಅತ್ತೆ ಅವಳನ್ನು ನನ್ನ ಪಕ್ಕ ಕೂರಿಸಿ, ಹೆಗಲ ಮೇಲೆ ಕೈಯಿಟ್ಟರು.

"ನಂಗೆ ಕೇಳಕ್ಕೆ ಯಾರೂ ಇರ್ನಿಲ್ಲ ಕನವ್ವ," ಅಂದರು. "ನಿಂಗೆ ಇವ್ಳವ್ಳೆ. ಕೇಳು."